ವಿದೇಶದಲ್ಲಿ ಎಂಜಿನಿಯರಿಂಗ್ ಓದಿದರೆ ಕಾರು ಸಂಶೋಧನೆಯ ಕೆಲಸ ಖಚಿತವೇ?

"ಫಾರಿನ್ ಡಿಗ್ರಿ ಇದ್ದರೆ ಕಾರು ಕಂಪನಿಯ ಸಂಶೋಧನಾ ವಿಭಾಗದಲ್ಲಿ ಕೆಲಸ ಗ್ಯಾರಂಟಿ", "ಜರ್ಮನಿಯಲ್ಲಿ ಓದು ಪೂರ್ತಿ ಉಚಿತ". ಇಂಥ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ. ಫಾರ್ವರ್ಡ್ ಮಾಡಲು ಒಂದು ಕ್ಷಣ ಸಾಕು. ಆದರೆ ವಿಜಯಪುರದ ಅಥಣಿ ರಸ್ತೆಯಿಂದ ತಿಕೋಟಾ, ಬಬಲೇಶ್ವರದ ಕಡೆಯ ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ ಮಕ್ಕಳನ್ನು ಹೊರದೇಶಕ್ಕೆ ಕಳಿಸುವುದೆಂದರೆ ಎಷ್ಟೋ ಸಲ ದೊಡ್ಡ ಸಾಲದ ಮಾತು. ಹಾಗಾಗಿ ಕರ್ನಾಟಕದ್ದೇ ಒಂದು ಉದಾಹರಣೆ ತೆಗೆದುಕೊಂಡು, ವಿದೇಶದ ಓದು ನಿಜಕ್ಕೂ ಏನು ಕೊಡುತ್ತದೆ ಎಂದು ನೋಡೋಣ.

ರೇವಾ ಕಾರಿನ ಹಿಂದಿನ ಓದು

ಬೆಂಗಳೂರಿನ ಚೇತನ್ ಮೈನಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದರು. ಅಲ್ಲಿನ ವಿದ್ಯಾರ್ಥಿಗಳು 'ಸನ್‌ರನ್ನರ್' ಎಂಬ ಸೌರ ಕಾರು ಕಟ್ಟಿದಾಗ ಅವರೂ ಆ ತಂಡದಲ್ಲಿದ್ದರು. 1990ರಲ್ಲಿ ಅದು ಫ್ಲೋರಿಡಾದಿಂದ ಮಿಷಿಗನ್‌ವರೆಗಿನ ಸ್ಪರ್ಧೆ ಗೆದ್ದಿತು. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ಡಾರ್ವಿನ್‌ನಿಂದ ಅಡಿಲೇಡ್‌ವರೆಗಿನ ಸುಮಾರು 3,000 ಕಿ.ಮೀ. ಓಟದಲ್ಲಿ ಮೂರನೇ ಸ್ಥಾನ ಪಡೆಯಿತು.

ಸೌರ ಕಾರಿಗೆ ಸಿಗುವ ವಿದ್ಯುತ್ ಬಹಳ ಕಡಿಮೆ. ಅದಕ್ಕೇ ತೂಕ ಇಳಿಸಬೇಕು, ಗಾಳಿಯ ತಡೆ ತಗ್ಗಿಸಬೇಕು, ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕುತ್ತಲೇ ಓಡಿಸಬೇಕು. ಎಲೆಕ್ಟ್ರಿಕ್ ಕಾರಿನ ಮೂಲ ಪಾಠವೂ ಇದೇ. ಮುಂದೆ ಮೈನಿ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ನಾತಕೋತ್ತರ ಓದು ಮುಗಿಸಿ, ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿಯಲ್ಲಿ ಎಲೆಕ್ಟ್ರಿಕ್ ವಾಹನಗಳ ಮೇಲೆ ಕೆಲಸ ಮಾಡಿದರು.

ಫಾರ್ವರ್ಡ್‌ಗಳು ಬಿಟ್ಟುಬಿಡುವ ಭಾಗ

ರೇವಾ ಕಂಪನಿ 1994ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಅದು ಅಮೆರಿಗಾನ್ ಮತ್ತು ಮೈನಿ ಸಮೂಹದ ಜಂಟಿ ಉದ್ಯಮ. ಮೈನಿ ಸಮೂಹ ಚೇತನ್ ಅವರ ತಂದೆ ಸುದರ್ಶನ್ ಮೈನಿ ಕಟ್ಟಿದ್ದು. ಅಂದರೆ ಡಿಗ್ರಿಯ ಬೆನ್ನಿಗೆ ಮನೆಯದೇ ಉದ್ಯಮವೂ ಇತ್ತು. ಹಾಗಿದ್ದರೂ ಕಾರು ಮಾರುಕಟ್ಟೆಗೆ ಬಂದದ್ದು 2001ರಲ್ಲಿ, ಅಂದರೆ ಏಳು ವರ್ಷಗಳ ನಂತರ.

ಅದು 2004ರಿಂದ ಲಂಡನ್‌ನಲ್ಲಿ 'ಜಿ-ವಿಜ್' ಹೆಸರಿನಲ್ಲಿ ಮಾರಾಟವಾಯಿತು. ಯುರೋಪಿನ ನಿಯಮದಲ್ಲಿ ಅದು ಕಾರಲ್ಲ, 'ಕ್ವಾಡ್ರಿಸೈಕಲ್' ವರ್ಗದ ನಾಲ್ಕು ಚಕ್ರದ ವಾಹನ. ಆದ್ದರಿಂದ ಕಾರಿಗೆ ಕಡ್ಡಾಯವಾದ ಡಿಕ್ಕಿ ಪರೀಕ್ಷೆ ಅದಕ್ಕೆ ಇರಲಿಲ್ಲ. 2007ರಲ್ಲಿ ಬ್ರಿಟನ್‌ನಲ್ಲಿ ಅಂಥ ಪರೀಕ್ಷೆ ಮಾಡಿದಾಗ ಸುರಕ್ಷತೆಯ ಬಗ್ಗೆ ಗಂಭೀರ ಪ್ರಶ್ನೆಗಳು ಎದ್ದವು. 2010ರಲ್ಲಿ ಮಹೀಂದ್ರಾ ಕಂಪನಿಯ ಬಹುಪಾಲು ಷೇರು ಕೊಂಡಿತು. ಸಂಶೋಧನೆಯ ದಾರಿ ಹೀಗೆಯೇ: ಗೆಲುವೂ ಇದೆ, ಪೆಟ್ಟೂ ಇದೆ.

ಜರ್ಮನಿಯಲ್ಲಿ ಎಲ್ಲವೂ ಉಚಿತವೇ?

ಇದು ಅರ್ಧ ಸತ್ಯ. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ಮರ್ಸಿಡಿಸ್, ಪೋರ್ಷೆ, ಬಾಷ್ ಇರುವ ಸ್ಟುಟ್‌ಗಾರ್ಟ್ ಪ್ರದೇಶ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿದೆ. ಅಲ್ಲಿ 2017ರಿಂದ ಯುರೋಪಿನ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕವಿದೆ. ಇದಲ್ಲದೆ ವೀಸಾಕ್ಕೆ ಒಂದು ವರ್ಷದ ಜೀವನ ವೆಚ್ಚ ಕೈಯಲ್ಲಿದೆ ಎಂದು ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಇದು 11,904 ಯೂರೋ, ಅಂದರೆ 10 ಲಕ್ಷ ರೂಪಾಯಿಗೂ ಹೆಚ್ಚು. ಖಾತೆಯಲ್ಲಿ ಇಟ್ಟ ಆ ಹಣ ನಿಮ್ಮದೇ, ತಿಂಗಳಿಗಿಷ್ಟು ಎಂದು ವಾಪಸ್ ಸಿಗುತ್ತದೆ. ಆದರೆ ಮೊದಲು ಅದನ್ನು ಹೊಂದಿಸಬೇಕಲ್ಲ!

ಇಲ್ಲೇ ಇರುವ ದಾರಿಗಳು

ವಾಹನಗಳ ಪರೀಕ್ಷೆ, ಸಂಶೋಧನೆ ನಡೆಸುವ ಎಆರ್‌ಎಐ ಸಂಸ್ಥೆ 1966ರಿಂದ ಪುಣೆಯಲ್ಲಿದೆ. ಬಾಷ್, ಮರ್ಸಿಡಿಸ್-ಬೆಂಜ್ ಕಂಪನಿಗಳ ಸಂಶೋಧನಾ ಕೇಂದ್ರಗಳು ಬೆಂಗಳೂರಿನಲ್ಲಿವೆ. ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಯಲ್ಲಿ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳೇ ವಾಹನ ಕಟ್ಟಿ ಓಡಿಸುತ್ತಾರೆ.

ಒಟ್ಟಿನಲ್ಲಿ, ಕೆಲಸ ಖಚಿತ ಎನ್ನುವ ಮಾತು ಸುಳ್ಳು. ವಿದೇಶದ ಓದಿನಿಂದ ಉಪಯೋಗ ಇಲ್ಲ ಎನ್ನುವುದೂ ಸರಿಯಲ್ಲ. ಮೈನಿ ಅವರಿಗೆ ದಾರಿ ತೋರಿಸಿದ್ದು ಡಿಗ್ರಿ ಕಾಗದಕ್ಕಿಂತ ಹೆಚ್ಚಾಗಿ, ಓದುವಾಗಲೇ ಕಾರು ಕಟ್ಟಿದ ಅನುಭವ. ಸಾಲದ ಅರ್ಜಿಗೆ ಸಹಿ ಹಾಕುವ ಮೊದಲು ಏಜೆಂಟರನ್ನು ಇಷ್ಟು ಕೇಳಿ: ಆ ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ವಾಹನ ಕಟ್ಟುವ ತಂಡ ಇದೆಯೇ? ಕಂಪನಿಗಳ ಜೊತೆ ಪ್ರಾಜೆಕ್ಟ್ ಮಾಡಲು ಅವಕಾಶ ಇದೆಯೇ? ಶುಲ್ಕ, ಊಟ, ಬಾಡಿಗೆ ಸೇರಿ ಒಟ್ಟು ಖರ್ಚೆಷ್ಟು? ಉತ್ತರವನ್ನು ವಿಶ್ವವಿದ್ಯಾಲಯದ ಸ್ವಂತ ಜಾಲತಾಣದಲ್ಲಿ ಪರೀಕ್ಷಿಸಿಕೊಳ್ಳಿ. ಅಲ್ಲಿಯವರೆಗೆ ಆ ಸಂದೇಶ ಫಾರ್ವರ್ಡ್ ಮಾಡಬೇಡಿ.