ಊರಿನ ಅಂಜಿಕೆ

ಒಂದು ಊರಿನಲ್ಲಿ ಅಪರಾಧಗಳು ಎಷ್ಟು ನಡೆಯುತ್ತವೆ ಎಂಬುದು ಒಂದು ಪ್ರಶ್ನೆ. ಆ ಊರಿನ ಜನ ಎಷ್ಟು ಅಂಜುತ್ತಾರೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಪೋಲೀಸ್ ಠಾಣೆಯ ದಫ್ತರದಲ್ಲಿ ಉತ್ತರ ದೊರೆಯುತ್ತದೆ. ಎರಡನೆಯದನ್ನು ಬರೆದಿಡುವ ದಫ್ತರವನ್ನು ನಮ್ಮ ಕಡೆ ನಾನು ಕಾಣೆ. ಕೊಲೆ, ಸುಲಿಗೆ, ಕನ್ನಗಳ್ಳತನಗಳು ಅಪರೂಪವಾಗಿರುವ ಪಟ್ಟಣಗಳಲ್ಲಿಯೂ ಸಂಜೆಯಾದೊಡನೆ ಕೆಲವು ಬೀದಿಗಳು ಹೆಂಗಸರಿಗೂ ಮುದುಕರಿಗೂ ಮುಚ್ಚಿಹೋಗುತ್ತವೆ. ಇದೇಕೆ ಹೀಗೆ ಎಂಬುದು ವಿಚಾರಾರ್ಹವಾದ ಸಂಗತಿ.

ನಾನು ಪಾಠ ಹೇಳುವ ಕಾಲೇಜಿನ ಪುಸ್ತಕಭಂಡಾರ ರಾತ್ರಿ ಎಂಟರವರೆಗೆ ತೆರೆದಿರುತ್ತದೆ. ಆದರೆ ಆರು ಹೊಡೆಯುವ ಮೊದಲೇ ವಿದ್ಯಾರ್ಥಿನಿಯರೆಲ್ಲ ಪುಸ್ತಕ ಮಡಿಚಿ ಎದ್ದುಬಿಡುತ್ತಾರೆ. ಕಾರಣ ಕೇಳಿದರೆ, “ಏನೂ ಆಗಿಲ್ಲ ಸಾರ್, ಆದರೆ ಕತ್ತಲಾದ ಮೇಲೆ ಆ ದಾರಿ ಬೇಡ” ಎಂಬಷ್ಟೇ ಉತ್ತರ. ದಿನಕ್ಕೆ ಎರಡು ಗಂಟೆ. ವರ್ಷದಲ್ಲಿ ೨೦೦ ದಿನ ಕಾಲೇಜು ನಡೆದರೆ ೪೦೦ ಗಂಟೆಗಳ ಓದು ಒಬ್ಬೊಬ್ಬಳ ಕೈಯಿಂದ ಜಾರಿಹೋಗುತ್ತದೆ. ಈ ಕಳವಿಗೆ ಯಾವ ಠಾಣೆಯಲ್ಲಿಯೂ ದೂರು ದಾಖಲಾಗುವುದಿಲ್ಲ.

ಆ ದಾರಿಯಲ್ಲಿ ಇರುವುದಾದರೂ ಏನು? ಒಂದು ಮದ್ಯದಂಗಡಿ, ಉರಿಯದ ಮೂರು ಬೀದಿದೀಪ, ಬೈಕುಗಳ ಮೇಲೆ ಕುಳಿತು ಹೋಗಿಬರುವವರನ್ನು ಚುಡಾಯಿಸುವ ಐದಾರು ಪಡ್ಡೆ ಹುಡುಗರು. ಸೀಸೆಯಲ್ಲಿ ಮದ್ಯ ಮಾರುವ ಚಿಲ್ಲರೆ ಅಂಗಡಿಗೆ ಗಿರಾಕಿಯನ್ನು ಕೂರಿಸಿ ಕುಡಿಸುವ ಪರವಾನಗಿ ಇರುವುದಿಲ್ಲ. ಆದ್ದರಿಂದ ಕೊಂಡವನು ಎದುರಿನ ಕಟ್ಟೆಯ ಮೇಲೆಯೇ ಕುಡಿಯುತ್ತಾನೆ. ಪರವಾನಗಿ ಕೊಡುವುದು ಅಬಕಾರಿ ಇಲಾಖೆ. ಬೀದಿಗೆ ದೀಪವಿಡುವುದು ೧೯೬೪ರ ಪುರಸಭೆಗಳ ಕಾಯಿದೆಯಂತೆ ಪುರಸಭೆಯ ಕಡ್ಡಾಯ ಕರ್ತವ್ಯ. ಬೀದಿಯಲ್ಲಿ ಗಲಾಟೆ ಮಾಡುವವನನ್ನು ಹತೋಟಿಯಲ್ಲಿಡುವುದು ೧೯೬೩ರ ಪೋಲೀಸ್ ಕಾಯಿದೆಯಂತೆ ಪೋಲೀಸರ ಕೆಲಸ. ಮೂವರೂ ತಮ್ಮ ಪಾಲಿನದು ಸಣ್ಣ ಸಂಗತಿಯೆಂದು ಭಾವಿಸುತ್ತಾರೆ. ಆ ದಾರಿಯಲ್ಲಿ ನಡೆಯುವವಳಿಗೆ ಮಾತ್ರ ಮೂರೂ ಒಂದೇ ಹೊತ್ತಿನಲ್ಲಿ ಎದುರಾಗುತ್ತವೆ.

ಕಾಯಿದೆಯಾದರೋ ಇಂಥ ಕಿರುಕುಳವನ್ನು ಬಹುಕಾಲ ಅಲಕ್ಷ್ಯದಿಂದಲೇ ಕಂಡಿತು. ೧೮೬೦ರ ದಂಡಸಂಹಿತೆಯಲ್ಲಿ, ಕುಡಿದು ಸಾರ್ವಜನಿಕ ಸ್ಥಳದಲ್ಲಿ ಉಪದ್ರವ ಕೊಟ್ಟವನಿಗೆ ಹೆಚ್ಚೆಂದರೆ ೨೪ ಗಂಟೆಯ ಸಾದಾ ಸಜೆ, ೧೦ ರೂಪಾಯಿ ದಂಡ. ಒಂದೂವರೆ ಶತಮಾನ ಕಳೆದರೂ ಆ ಹತ್ತು ಹತ್ತಾಗಿಯೇ ಉಳಿದಿತ್ತು. ೨೦೨೪ರ ಜುಲೈ ೧ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ದಂಡವನ್ನು ೧,೦೦೦ ರೂಪಾಯಿಯವರೆಗೆ ಏರಿಸಿದ್ದಲ್ಲದೆ, ಸಮುದಾಯ ಸೇವೆಯೆಂಬ ಹೊಸ ಶಿಕ್ಷೆಯನ್ನೂ ಸೇರಿಸಿದೆ. ಕಟ್ಟೆಯನ್ನು ಹೊಲಸು ಮಾಡಿದವನು ನಾಲ್ಕು ಜನರ ಎದುರಿಗೆ ಅದೇ ಬಗೆಯ ಕಟ್ಟೆಯನ್ನು ಗುಡಿಸುವಂತಾದರೆ, ಅವನಿಗೆ ಸೆರೆಮನೆ ಕಲಿಸಲಾರದ ಪಾಠವನ್ನು ಪೊರಕೆ ಕಲಿಸೀತು.

ಆದರೆ ಅಂಜಿದ ಜನ ಕೇಳುವುದು ಪೊರಕೆಯನ್ನಲ್ಲ, ಲಾಠಿಯನ್ನು. “ರೌಡಿ ಪಟ್ಟಿಗೆ ಸೇರಿಸಿ, ಗೂಂಡಾ ಕಾಯಿದೆ ಹಾಕಿ” ಎಂಬ ಕೂಗು ಬಲುಬೇಗ ಏಳುತ್ತದೆ. ೧೯೮೫ರ ಆ ಕಾಯಿದೆಯಂತೆ ಒಬ್ಬನನ್ನು ವಿಚಾರಣೆಯಿಲ್ಲದೆ ೧೨ ತಿಂಗಳವರೆಗೆ ಬಂಧನದಲ್ಲಿಡಬಹುದು. ನಿಜವಾದ ದುಷ್ಟರ ಮೇಲೆ ಹಿಡಿಯಬೇಕಾದ ಈ ಕತ್ತಿಯನ್ನು ಶಿಳ್ಳೆ ಹಾಕುವ ಹುಡುಗನ ಮೇಲೆ ಬೀಸುವುದು ವಿವೇಕವಲ್ಲ. ಅಂಜಿಕೆಗೆ ಕಣ್ಣು ಮಂಜು. ಅದು ಕೇಡು ಮಾಡಿದವನನ್ನು ಬಿಟ್ಟು, ತನಗಿಂತ ಬೇರೆಯಾಗಿ ಕಾಣುವವನನ್ನು ಹಿಡಿಯುತ್ತದೆ. ೧೮೭೧ರ ಬ್ರಿಟಿಷ್ ಕಾಯಿದೆಯೊಂದು ಅಲೆಮಾರಿ ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರಿತು. ಅದು ರದ್ದಾದದ್ದು ಸ್ವಾತಂತ್ರ್ಯಾನಂತರ, ೧೯೫೨ರಲ್ಲಿ. ಆದರೂ ಆ ಬುದ್ಧಿ ಅಲ್ಲಿಗೇ ಅಳಿಯಲಿಲ್ಲ. ೨೦೧೧ರಲ್ಲಿ ನಮ್ಮ ಪೋಲೀಸ್ ಕಾಯಿದೆಗೆ ೩೬-ಎ ಎಂಬ ಕಲಮನ್ನು ಸೇರಿಸಿ, ಸಂಶಯಕ್ಕೊಳಗಾದ ಲಿಂಗತ್ವ ಅಲ್ಪಸಂಖ್ಯಾತರ ಹೆಸರು, ವಾಸಸ್ಥಳಗಳ ಪಟ್ಟಿಯಿಡಲು ಅವಕಾಶ ಮಾಡಲಾಗಿತ್ತು. ಅದು ನ್ಯಾಯಾಲಯದ ಮೆಟ್ಟಿಲು ಹತ್ತಿ, ಕಡೆಗೆ ತಿದ್ದುಪಡಿಯಾಯಿತು.

ಇನ್ನು ಊರಿನ ಮಾನ ಕಾಯುತ್ತೇವೆಂದು ತಾವಾಗಿಯೇ ಹೊರಡುವವರುಂಟು. ೨೦೦೯ರ ಜನವರಿ ೨೪ರಂದು ಮಂಗಳೂರಿನ ಪಾನಗೃಹವೊಂದಕ್ಕೆ ನುಗ್ಗಿದ ಗುಂಪು ಹೆಣ್ಣುಮಕ್ಕಳನ್ನು ಹೊಡೆದು ಹೊರಗಟ್ಟಿದ್ದನ್ನು ದೇಶವೆಲ್ಲ ಕಂಡಿತು. ಹೆಣ್ಣನ್ನು ಬೀದಿಯಿಂದ ಓಡಿಸುವವನು ಕುಡುಕನಾದರೇನು, ನೀತಿಯ ಹೆಸರು ಹೇಳುವವನಾದರೇನು? ಓಡಬೇಕಾದವಳಿಗೆ ಎರಡೂ ಒಂದೇ.

ಹಾಗಾದರೆ ಉಪಾಯವೇನು? ೨೦೧೬ರ ಡಿಸೆಂಬರ್ ೩೧ರ ರಾತ್ರಿ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಆಸುಪಾಸಿನಲ್ಲಿ ಹೆಣ್ಣುಮಕ್ಕಳಿಗೆ ಆದ ಕಿರುಕುಳದ ಸುದ್ದಿ ಹೊರಬಿದ್ದಾಗ, ಪೋಲೀಸರೂ ಕ್ಯಾಮೆರಾಗಳೂ ಅಲ್ಲಿಲ್ಲದಿರಲಿಲ್ಲ. ಕ್ಯಾಮೆರಾ ನಡೆದುಹೋದುದಕ್ಕೆ ಸಾಕ್ಷಿಯಾದೀತು, ನಡೆಯುತ್ತಿರುವಾಗ ಕೈಹಿಡಿಯಲಾರದು. ಅಮೆರಿಕದ ಜೇನ್ ಜೇಕಬ್ಸ್ ಎಂಬ ವಿದುಷಿ ನಗರಗಳನ್ನು ಕುರಿತು ೧೯೬೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬೀದಿಯನ್ನು ಕಾಯುವುದು ಮುಖ್ಯವಾಗಿ ಬೀದಿಯ ಜನರ ಕಣ್ಣು ಎಂದು ವಾದಿಸಿದರು. ನಮಗೆ ಇದು ಅಪರಿಚಿತವಾದ ಮಾತಲ್ಲ. ಜಗಲಿಯ ಮೇಲೆ ಕುಳಿತ ಅಜ್ಜಿ, ಹೂ ಕಟ್ಟುವವಳು, ರಾತ್ರಿ ಹತ್ತರವರೆಗೆ ತೆರೆದಿರುವ ಬೀಡಾ ಅಂಗಡಿಯವನು – ಸಂಬಳವಿಲ್ಲದ ಕಾವಲುಗಾರರೆಂದರೆ ಇವರೇ. ರಸ್ತೆ ಅಗಲವಾದಾಗ ಜಗಲಿ ಹೋಯಿತು. ಬೀದಿ ವ್ಯಾಪಾರಿಗಳನ್ನು ತೆರವು ಮಾಡಿದಾಗ ಅವರ ದೀಪವೂ ಹೋಯಿತು.

ಹಿಂದಿನ ಊರುಗಳಲ್ಲಿ ತಳವಾರನಿದ್ದ; ಅವನಿಗೆ ಮನೆಮನೆಯ ಪರಿಚಯವಿತ್ತು. ಆ ಕಾಲವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅಂದಿನ ಬೀದಿಗಳಲ್ಲಿ ನಡೆಯುವ ಹಕ್ಕೇ ಕೆಲವು ಜಾತಿಯವರಿಗೆ ಇರಲಿಲ್ಲ. ಆದರೆ ಕಾಯುವವನಿಗೂ ಕಾಯಲ್ಪಡುವವರಿಗೂ ಮುಖಪರಿಚಯವಿರಬೇಕೆಂಬ ತತ್ತ್ವ ಇಂದಿಗೂ ಸಲ್ಲುತ್ತದೆ. ೧೧೨ಕ್ಕೆ ಕರೆ ಮಾಡಿದರೆ ಬರುವ ವಾಹನ ಬೇಕು. ಅದಕ್ಕೂ ಮೊದಲು ಸಂಜೆ ಗಸ್ತು ಬರುವ ಪೇದೆ ಬೇಕು, ಅವನ ಹೆಸರು ಬೀದಿಗೆ ತಿಳಿದಿರಬೇಕು. ೨೦೨೩ರ ಜೂನ್ ೧೧ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಅದರ ಪೂರ್ಣಫಲ ದೊರೆಯಬೇಕಾದರೆ, ಬಸ್ಸಿಳಿದ ಮೇಲಿನ ಅರ್ಧ ಮೈಲಿಯೂ ನಡೆಯಲು ಯೋಗ್ಯವಾಗಬೇಕು.

ನನಗೆ ತೋರುವ ಮಟ್ಟಿಗೆ ಮೊದಲ ಕೆಲಸ ಅಂಜಿಕೆಯನ್ನೂ ಲೆಕ್ಕಕ್ಕೆ ಹಿಡಿಯುವುದು. ಪುರಸಭೆ, ಪೋಲೀಸು, ಅಬಕಾರಿ ಈ ಮೂರು ಕಡೆಯ ಅಧಿಕಾರಿಗಳು ಮೂರು ತಿಂಗಳಿಗೊಮ್ಮೆ ಕತ್ತಲಾದ ಮೇಲೆ ಒಟ್ಟಿಗೆ ನಡೆದು ಬರಲಿ. ಯಾವ ಬೀದಿಯಲ್ಲಿ ಹೆಂಗಸರು ಎಷ್ಟು ಹೊತ್ತಿನವರೆಗೆ ಓಡಾಡುತ್ತಾರೆ ಎಂಬುದನ್ನು ಬರೆದಿಡಲಿ. ಇದಕ್ಕೆ ಹೊಸ ಕಾಯಿದೆ ಬೇಡ, ಹೆಚ್ಚು ಹಣವೂ ಬೇಡ. ಠಾಣೆಯ ಅಂಕಿಗಳು ಇಳಿದರೆ ಸಂತೋಷ. ಪುಸ್ತಕಭಂಡಾರದಲ್ಲಿ ಏಳೂವರೆಗೂ ಹುಡುಗಿಯರ ಕುರ್ಚಿಗಳು ತುಂಬಿದ್ದರೆ, ಊರು ಸುರಕ್ಷಿತವಾಯಿತೆಂದು ಆಗ ಹೇಳಬಹುದು.