ಅರ್ಜಿ ತುಂಬಿದವರ ಹೆಸರೂ ಅರ್ಜಿಯಲ್ಲಿರಲಿ

ಬೆಂಗಳೂರಿನ ಇಂದಿರಾನಗರದ 100 ಅಡಿ ರಸ್ತೆ, ಸಿಎಂಎಚ್ ರಸ್ತೆಗಳಲ್ಲಿ ತಲೆಯೆತ್ತಿ ನಡೆದರೆ ಕೆನಡಾ, ಆಸ್ಟ್ರೇಲಿಯಾ, ಜರ್ಮನಿಗೆ ಕಳಿಸಿಕೊಡುತ್ತೇವೆನ್ನುವ ಬೋರ್ಡುಗಳು ಕಾಣುತ್ತವೆ. ಶಿವಾಜಿನಗರದಲ್ಲಿ ಅವೇ ಬೋರ್ಡುಗಳು ದುಬೈ, ರಿಯಾದ್, ದೋಹಾ ಎನ್ನುತ್ತವೆ. ವಲಸೆ ಕಾನೂನು ಓದಿದ ವಕೀಲರ ಬೋರ್ಡು ಮಾತ್ರ ಅಲ್ಲೆಲ್ಲೂ ಕಣ್ಣಿಗೆ ಬೀಳುವುದಿಲ್ಲ. ವಕೀಲರು ಜಾಹೀರಾತು ಕೊಡಕೂಡದೆಂದು ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಹೇಳುತ್ತದೆ. ಆ ಬೋರ್ಡುಗಳ ಹಿಂದಿರುವ ಕನ್ಸಲ್ಟೆಂಟ್‌ಗಳಿಗೆ ಅಂಥ ಕಟ್ಟುಪಾಡಿಲ್ಲ. ತಪ್ಪು ಮಾಡಿದರೆ ಸನ್ನದು ಕಳೆದುಕೊಳ್ಳುವವರು ಬಾಯಿಮುಚ್ಚಿಕೊಂಡಿರಬೇಕು, ಕಳೆದುಕೊಳ್ಳಲು ಏನೂ ಇಲ್ಲದವರು ಗ್ಯಾರಂಟಿ ಕೂಗಬಹುದು. ಈ ವಿಚಿತ್ರವನ್ನು ಸರಿಪಡಿಸಲು ಕರ್ನಾಟಕಕ್ಕೊಂದು ಸಣ್ಣ ಕಾನೂನು ಬೇಕು. ಹಣ ಪಡೆದು ಇನ್ನೊಬ್ಬರ ವೀಸಾ ಅರ್ಜಿ ತುಂಬುವವರು ನೋಂದಾಯಿಸಿಕೊಳ್ಳಬೇಕು. ತುಂಬಿದ ಅರ್ಜಿಯ ಪ್ರತಿಯ ಮೇಲೆ ತಮ್ಮ ಹೆಸರು ಬರೆದು, ಸಹಿ ಹಾಕಿ, ಅದನ್ನು ಅರ್ಜಿದಾರರ ಕೈಗೆ ಕೊಡಬೇಕು.

ಸಹಿಗೇಕೆ ಇಷ್ಟು ಮಹತ್ವ? ಅರ್ಜಿಯಲ್ಲಿನ ಸುಳ್ಳಿಗೆ ಶಿಕ್ಷೆ ಅನುಭವಿಸುವುದು ಅರ್ಜಿದಾರನೇ. ಸುಳ್ಳು ಮಾಹಿತಿ ಪತ್ತೆಯಾದರೆ ಕೆನಡಾ 5 ವರ್ಷ ಬಾಗಿಲು ಮುಚ್ಚುತ್ತದೆ, ಬ್ರಿಟನ್ 10 ವರ್ಷದವರೆಗೆ. ಅಮೆರಿಕದಲ್ಲಿ ಉದ್ದೇಶಪೂರ್ವಕ ಸುಳ್ಳಿಗೆ ಬೀಳುವ ನಿಷೇಧ, ವಿನಾಯಿತಿ ಸಿಗದಿದ್ದರೆ, ಆಜೀವ. ‘ಏಜೆಂಟ್ ಬರೆದದ್ದು, ನನಗೆ ಗೊತ್ತಿರಲಿಲ್ಲ’ ಎಂಬ ಮಾತಿಗೆ ಕೌಂಟರಿನ ಆಚೆ ಹೆಚ್ಚು ಬೆಲೆಯಿಲ್ಲ. ಅಮೆರಿಕದ ಡಿಎಸ್-160 ಅರ್ಜಿಯ ಕೊನೆಯಲ್ಲಿ, ಇದನ್ನು ತುಂಬಲು ಯಾರಾದರೂ ನೆರವಾದರೇ ಎಂಬ ಪ್ರಶ್ನೆಯೇ ಇದೆ. ಅಲ್ಲಿ ‘ಇಲ್ಲ’ ಎಂದು ಬಿದ್ದರೆ ಏಜೆಂಟ್ ಕಾಗದದಿಂದಲೇ ಮಾಯ. ಜಲಂಧರ್‌ನ ಏಜೆಂಟೊಬ್ಬ ನಕಲಿ ಪ್ರವೇಶಪತ್ರಗಳ ಮೇಲೆ ಕೆನಡಾಕ್ಕೆ ಕಳಿಸಿದ್ದ ವಿದ್ಯಾರ್ಥಿಗಳು 2023ರಲ್ಲಿ ಗಡೀಪಾರಿನ ಅಂಚಿಗೆ ಬಂದು ನಿಂತರು. ಆತನಿಗೆ ಮರುವರ್ಷ ಕೆನಡಾದಲ್ಲೇ 3 ವರ್ಷ ಸಜೆಯಾಯಿತು, ನಿಜ. ಆದರೆ ಅದು ಅವನು ಕೆನಡಾದ ನೆಲಕ್ಕೆ ಕಾಲಿಟ್ಟು ಸಿಕ್ಕಿಬಿದ್ದದ್ದರಿಂದ.

ಅರ್ಜಿ ಸರಳ, ಓದುಬರಹ ಬಲ್ಲವರು ತಾವೇ ತುಂಬಬಹುದು, ವಕೀಲರೂ ಬೇಡ ಕನ್ಸಲ್ಟೆಂಟೂ ಬೇಡ ಎನ್ನುವವರಿದ್ದಾರೆ. ಪ್ರವಾಸಿ ವೀಸಾದ ಮಟ್ಟಿಗೆ ಈ ಮಾತು ಸರಿ. ತೊಡಕು ಶುರುವಾಗುವುದು ನಮ್ಮ ಹೆಸರುಗಳಿಂದ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ಲಾಗಿ ಮುಂದೆ ಕೂರುವ ನಾಡು ನಮ್ಮದು. ಹಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಅಂಥವರಿಗೆ ಅಮೆರಿಕದ ವೀಸಾದಲ್ಲಿ ಸ್ವಂತ ಹೆಸರೇ ಮನೆತನದ ಹೆಸರಾಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿಯದು) ಎಂಬ ಮೂರಕ್ಷರ ಬೀಳುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟುಗಳಿಗೆ ಸಂದರ್ಶಕ ವೀಸಾ ನಿಯಮ ಬಿಗಿ ಮಾಡಿದಾಗ ಪೆಟ್ಟು ತಿಂದವರಲ್ಲಿ ಇಂಥವರೂ ಇದ್ದರು. ಇನ್ನು ಜನನ ಪ್ರಮಾಣಪತ್ರ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ, ಜಾರಿಯಾದದ್ದು ಮರುವರ್ಷ. ಮಗಳು ಅಮೆರಿಕದಿಂದ ಗ್ರೀನ್ ಕಾರ್ಡ್ ಅರ್ಜಿ ಹಾಕಿದ ಹಲಸೂರಿನ ವೃದ್ಧ ತಂದೆಗೆ ಜನನ ದಾಖಲೆ ಲಭ್ಯವಿಲ್ಲವೆಂಬ ಪತ್ರ ಬೇಕು, ಜೊತೆಗೆ ಪೂರಕ ಪುರಾವೆ ಬೇಕು: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಕ್ರೈಸ್ತರಾದರೆ ಚರ್ಚಿನ ದೀಕ್ಷಾಸ್ನಾನದ ದಾಖಲೆ, ಹಿರಿಯ ಸಂಬಂಧಿಕರ ಅಫಿಡವಿಟ್. ಒಂದರಲ್ಲಿ ‘ವೆಂಕಟೇಶಪ್ಪ’, ಇನ್ನೊಂದರಲ್ಲಿ ‘ವೆಂಕಟೇಶ್’. ಇದನ್ನು ಹೊಂದಿಸುವುದು ಪುರಾವೆ ಕಾನೂನಿನ ಕೆಲಸ. ಹೊಂದಿಸಲಾಗದೆ ಹೊಸ ದಾಖಲೆಯನ್ನೇ ‘ಮಾಡಿಸಿ’ ಕೊಡುವವನು ಅರ್ಜಿದಾರನ ಕುತ್ತಿಗೆಗೆ ಕಲ್ಲು ಕಟ್ಟುತ್ತಾನೆ.

ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ವರೆಗಿನ ಐಟಿ ನೌಕರರಿಗೆ ಈ ಚಿಂತೆಯಿಲ್ಲ, ಅವರಿಗೆ ಕಂಪನಿಯ ವಕೀಲರಿದ್ದಾರೆ ಎಂಬುದೂ ಅರ್ಧ ಸತ್ಯ. ಅಮೆರಿಕದ ಕೆಲಸದ ವೀಸಾ ಎಚ್-1ಬಿಗೆ ಪಿಟಿಷನ್ ಹಾಕುವುದು ಕಂಪನಿ, ವಕೀಲರಿಗೆ ಹಣ ಕೊಡುವುದೂ ಕಂಪನಿ. ನೌಕರನ ಹಿತವೂ ಕಂಪನಿಯ ಹಿತವೂ ಒಂದೇ ದಾರಿಯಲ್ಲಿ ಸಾಗುವವರೆಗೆ ಎಲ್ಲ ಸುಗಮ. ಅಲ್ಲಿ ಕೆಲಸ ಹೋದ ದಿನದಿಂದ ಹೆಚ್ಚೆಂದರೆ 60 ದಿನಗಳ ಗಡುವು ಓಡತೊಡಗುತ್ತದೆ, ಆಗ ಕಂಪನಿಯ ವಕೀಲರು ಅವನ ವಕೀಲರಾಗಿರುವುದಿಲ್ಲ. 2025ರ ಸೆಪ್ಟೆಂಬರ್ 19ರಂದು ಟ್ರಂಪ್ ಎಚ್-1ಬಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿದಾಗ ರಜೆಗೆ ಊರಿಗೆ ಬಂದವರು ಸಿಕ್ಕಿದ ವಿಮಾನ ಹಿಡಿಯಲು ಹೊರಟರು. ಅದು ಹೊಸ ಪಿಟಿಷನ್‌ಗಳಿಗೆ ಮಾತ್ರ ಎಂದು ಶ್ವೇತಭವನ ಹೇಳಿದ್ದು ಮರುದಿನ. ಆ ಒಂದು ರಾತ್ರಿ ಎಷ್ಟೋ ನೌಕರರಿಗೆ ಸಿಕ್ಕ ಕಾನೂನು ಸಲಹೆಯೆಂದರೆ ವಾಟ್ಸ್‌ಆ್ಯಪ್.

ವೀಸಾ, ಪಾಸ್‌ಪೋರ್ಟ್ ಕೇಂದ್ರಪಟ್ಟಿಯ ವಿಷಯ, ರಾಜ್ಯಕ್ಕೇನು ಅಧಿಕಾರ ಎಂದು ಕೇಳಬಹುದು. ವೀಸಾ ಕೊಡುವುದು, ಬಿಡುವುದು ಪರದೇಶದ ಮರ್ಜಿ. ಇಂದಿರಾನಗರದಲ್ಲಿ ಮುಂಗಡ ಪಡೆದು ಸೇವೆ ಮಾರುವುದು ಇಲ್ಲಿನ ವ್ಯಾಪಾರ. ಪಂಜಾಬ್ 2012ರಲ್ಲೇ ಟ್ರಾವೆಲ್ ಏಜೆಂಟರ ಲೈಸೆನ್ಸಿಗೆ ಕಾನೂನು ಮಾಡಿತು. ಅದಾದ ಮೇಲೂ ಅಲ್ಲಿ ಮೋಸ ನಿಲ್ಲಲಿಲ್ಲ, ಜಲಂಧರ್ ಪ್ರಕರಣವೇ ಸಾಕ್ಷಿ ಎನ್ನುವುದು ಇನ್ನೂ ಗಟ್ಟಿಯಾದ ಆಕ್ಷೇಪ. ಒಪ್ಪಲೇಬೇಕು: ಗೋಡೆಗೆ ತೂಗುಹಾಕಿದ ಲೈಸೆನ್ಸು ಗಿರಾಕಿಯನ್ನು ಸೆಳೆಯುತ್ತದೆಯೇ ಹೊರತು ಕಾಯುವುದಿಲ್ಲ. ಕೇಂದ್ರದ 1983ರ ವಲಸೆ ಕಾಯ್ದೆಯ ಕಥೆಯೂ ಅದೇ. ವಿದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟರಿಗೆ ನೋಂದಣಿ ಕಡ್ಡಾಯ, ಅವರು 30,000 ರೂಪಾಯಿ ಮತ್ತು ಜಿಎಸ್‌ಟಿ ಮೀರಿ ಪಡೆಯುವಂತಿಲ್ಲ. ಹತ್ತನೇ ತರಗತಿ ಪಾಸಾಗದವರು 18 ದೇಶಗಳಿಗೆ ದುಡಿಯಲು ಹೋಗುವಾಗ ವಲಸೆ ಅನುಮತಿಯೂ ಬೇಕು. ಸಂದರ್ಶಕ ವೀಸಾದ ಮೇಲೆ ಹತ್ತಿಸಿಬಿಟ್ಟರೆ ಇದೆಲ್ಲ ಬೈಪಾಸ್. ಸೆಕ್ಯುರಿಟಿ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿಯ ಯುವಕರು ಯುದ್ಧಭೂಮಿಗೆ ಬಿದ್ದು, 2024ರ ಸೆಪ್ಟೆಂಬರ್‌ನಲ್ಲಿ ಮನೆ ಸೇರಿದ್ದು ನೆನಪಿರಬಹುದು. ವಿದ್ಯಾರ್ಥಿ ವೀಸಾ, ಪಿಆರ್ (ಕಾಯಂ ವಾಸದ ಪರವಾನಗಿ) ವ್ಯವಹಾರವಂತೂ ಆ ಕಾಯ್ದೆಯ ಅಂಗಳಕ್ಕೇ ಬರುವುದಿಲ್ಲ. ಅದಕ್ಕೇ ನೋಂದಣಿಗಿಂತ ಸಹಿಯ ಮೇಲೆ, ರಸೀದಿಯ ಮೇಲೆ, ಪ್ರತಿಯ ಮೇಲೆ ನನ್ನ ಒತ್ತು.

ಸಹಿ ಹಾಕಿದ ಈ ಪ್ರತಿ ಕೈಲಿದ್ದರೆ ಈಗಿರುವ ಕಾನೂನುಗಳಿಗೂ ಜೀವ ಬರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ, ವಕೀಲರಿಲ್ಲದೆಯೂ ವಾದಿಸಬಹುದು; ಬೇಕಾದದ್ದು ಕಾಗದದ ಪುರಾವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಆದಾಯ ಎಷ್ಟೇ ಇರಲಿ, ಮಹಿಳೆಯರೆಲ್ಲರೂ ಉಚಿತ ಕಾನೂನು ನೆರವಿಗೆ ಅರ್ಹರು. ಜರ್ಮನಿಗೋ ಬ್ರಿಟನ್ನಿಗೋ ಹೊರಟ ನರ್ಸ್ ಸಹಿ ಹಾಕುವ ಮುನ್ನ ಬಾಂಡ್ ಪತ್ರದ ಷರತ್ತು ಓದಿಸಿಕೊಳ್ಳಲು ಇದಕ್ಕಿಂತ ಹೆಚ್ಚಿನ ಹಕ್ಕು ಬೇಕಿಲ್ಲ. ಇಲ್ಲಿನ ವಕೀಲರಿಗೆ ಬರ್ಲಿನ್ನಿನ ಕಾನೂನು ತಿಳಿಯದಿರಬಹುದು. ಕೆಲಸ ಮಧ್ಯೆ ಬಿಟ್ಟರೆ ಇಷ್ಟು ಲಕ್ಷ ಕಟ್ಟಬೇಕೆಂಬ ಷರತ್ತು ಭಾರತೀಯ ಕರಾರು ಕಾಯ್ದೆಯ ಮುಂದೆ ನಿಲ್ಲುತ್ತದೆಯೇ ಎಂಬುದನ್ನು ಅವರು ಹೇಳಬಲ್ಲರು. ದಂಡು ಪ್ರದೇಶದವರಿಗೆ ಹತ್ತಿರದ ಮೇಯೋ ಹಾಲ್ ನ್ಯಾಯಾಲಯದ ಆವರಣದಲ್ಲಿ ವಾರಕ್ಕೊಂದು ಮಧ್ಯಾಹ್ನ ಇದಕ್ಕೆಂದೇ ಒಂದು ಮೇಜು ಹಾಕಲು ಹೊಸ ಕಾನೂನಿಗೂ ಕಾಯಬೇಕಾಗಿಲ್ಲ. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಮನಸ್ಸು ಮಾಡಿದರೆ ಸಾಕು.