ಬೀಜ ಕಂಪನಿಗಳ ರಾಜಿ ರೈತರ ಕಣ್ಣಿಗೂ ಬೀಳಲಿ

ಮಟಮಾರಿ, ದೇವದುರ್ಗ, ಮಾನ್ವಿ ಕಡೆಯ ಎರಿ ಹೊಲಗಳಲ್ಲಿ ಮುಂಗಾರಿಗೆ ಹತ್ತಿ ಊರುವ ರೈತ ಬಂಧುಗಳೇ, ನೀವು ಕೊಳ್ಳುವ 450 ಗ್ರಾಂ ಬಿ.ಟಿ. ಪಾಕೀಟಿನ ದರದಲ್ಲಿ ಬಹುಕಾಲ ಪೇಟೆಂಟ್‌ದಾರರ ಪಾಲೂ ಸೇರಿತ್ತು. ಆ ಪಾಲಿನ ಸಲುವಾಗಿ ಹೈದರಾಬಾದಿನ ನೂಜಿವೀಡು ಸೀಡ್ಸ್ ಮತ್ತು ಅಮೆರಿಕದ ಮಾನ್ಸಾಂಟೊ ವರ್ಷಗಟ್ಟಲೆ ಕೋರ್ಟಿಗೆ ಅಲೆದವು. ನೂಜಿವೀಡು ಬಡಪಾಯಿ ಕಂಪನಿಯೇನಲ್ಲ, ಮಾನ್ಸಾಂಟೊ ಎದುರು ಚಿಕ್ಕದು, ಅಷ್ಟೇ. 2018ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಮಾನ್ಸಾಂಟೊದ ಆ ಪೇಟೆಂಟೇ ಸಿಂಧುವಲ್ಲ ಎಂದಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬದಿಗಿಟ್ಟು, ಸಾಕ್ಷ್ಯ ಸಮೇತ ವಿಚಾರಣೆ ನಡೆಯಲೆಂದು ಏಕಸದಸ್ಯ ಪೀಠಕ್ಕೆ ಮರಳಿಸಿತು. ಆ ವಿಚಾರಣೆ ದಡ ಮುಟ್ಟಲಿಲ್ಲ. ಮಾನ್ಸಾಂಟೊವನ್ನು ಕೊಂಡಿದ್ದ ಬೇಯರ್ ಜೊತೆ 2021ರಲ್ಲಿ ರಾಜಿಯಾಯಿತು, ಷರತ್ತುಗಳು ಗುಟ್ಟಾಗಿಯೇ ಉಳಿದವು. ಬೀಜದೊಳಗೆ ಸೇರಿಸಿದ ವಂಶವಾಹಿಗೆ ಪೇಟೆಂಟ್ ಸಲ್ಲುತ್ತದೆಯೇ ಎಂಬ ಪ್ರಶ್ನೆಗೆ ಆ ಮೊಕದ್ದಮೆಯಿಂದ ಉತ್ತರ ಸಿಗಲೇ ಇಲ್ಲ.

ಚಿಕ್ಕ ಕಂಪನಿ ದೊಡ್ಡದನ್ನು ರಾಜಿಗೆ ತಂದರೆ ನಮಗೂ ಲಾಭವಲ್ಲವೇ ಎನ್ನುವವರಿದ್ದಾರೆ. ಪಾಕೀಟಿನ ದರ ಇಳಿದ ಬಗೆ ನೋಡಿದರೆ ಹಾಗೆ ಅನ್ನಿಸುವುದಿಲ್ಲ. 1,600 ರೂಪಾಯಿ ದಾಟಿದ್ದ ಪಾಕೀಟು 750ಕ್ಕೆ ಇಳಿದದ್ದು 2006ರಲ್ಲಿ, ಅದೂ ನೆರೆಯ ಆಂಧ್ರ ಸರ್ಕಾರ ಏಕಸ್ವಾಮ್ಯ ನಿಯಂತ್ರಣ ಆಯೋಗದ ಮೆಟ್ಟಿಲೇರಿದ ಮೇಲೆ. ಮಾನ್ಸಾಂಟೊದ ಎರಡನೇ ಪೀಳಿಗೆಯ ಬಿ.ಟಿ. ಹತ್ತಿಯಾದ ಬಿ.ಜಿ.-2ರ ತಂತ್ರಜ್ಞಾನ ಶುಲ್ಕವನ್ನು, ಅಂದರೆ ಪೇಟೆಂಟ್‌ದಾರರ ಪಾಲನ್ನು, ಕೇಂದ್ರ ಸರ್ಕಾರ ದರ ನಿಯಂತ್ರಣ ಆದೇಶದಡಿ 2016ರಲ್ಲಿ 49 ರೂಪಾಯಿಗೆ ಇಳಿಸಿತು. ಮುಂದೆ ಅದು 39, 20 ಆಗಿ, 2020ಕ್ಕೆ ಸೊನ್ನೆಯಾಯಿತು. ರಾಜಿ ಆದದ್ದು ಅದರ ಮರುವರ್ಷ. ಅಂದರೆ ರೈತನ ಜೇಬಿನ ಹೊರೆ ಇಳಿಸಿದ್ದು ಎಲ್ಲರೆದುರು ನಡೆದ ವಾದ ಮತ್ತು ಎಲ್ಲರೂ ಓದಬಹುದಾದ ಆದೇಶ.

ಶುಲ್ಕ ಹೀಗೆ ಕತ್ತರಿಸಿದರೆ ಹೊಸ ಬೀಜ ಯಾರು ತರುತ್ತಾರೆ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಮಾನ್ಸಾಂಟೊ ತನ್ನ ಮುಂದಿನ ಹತ್ತಿ ತಂತ್ರಜ್ಞಾನದ ಅರ್ಜಿಯನ್ನು 2016ರಲ್ಲಿ ಹಿಂತೆಗೆದುಕೊಂಡಿತು. ಇತ್ತ ಗುಲಾಬಿ ಕಾಯಿಕೊರಕ ಬಿ.ಜಿ.-2ಕ್ಕೂ ಜಗ್ಗದಂತಾಗಿದೆ. ಸಂಶೋಧನೆಗೆ ತಕ್ಕ ಪ್ರತಿಫಲ ಇರಲಿ. ಆದರೆ ಅದು ಎಷ್ಟೆಂದು ಕೊಡುವವನಿಗೆ ಗೊತ್ತಿರಬೇಕು. ರಾಜಿ ಇಬ್ಬರ ಖಾಸಗಿ ವ್ಯವಹಾರ ಎಂಬ ಮಾತು ಸರ್ಕಾರ ದರ ಕಟ್ಟುವ ಸರಕಿಗೆ ಒಪ್ಪುವುದಿಲ್ಲ. ಆದ್ದರಿಂದ ನಿಮ್ಮಲ್ಲಿ ನನ್ನ ಮನವಿ ಇಷ್ಟು: ಮುಂದಿನ ಗ್ರಾಮಸಭೆಯಲ್ಲಿ ಒಂದು ಠರಾವು ಮಾಡಿ. ಬೀಜದ ಪೇಟೆಂಟ್ ರಾಜಿಗಳಲ್ಲಿ ಶುಲ್ಕ, ದರಗಳಿಗೆ ತಗಲುವ ಷರತ್ತುಗಳನ್ನಾದರೂ ಬಹಿರಂಗಪಡಿಸಬೇಕೆಂದು ಕೇಳಿ, ರಾಜ್ಯದ ಕೃಷಿ ಸಚಿವರಿಗೂ ರಾಯಚೂರಿನ ಸಂಸದರಿಗೂ ಪ್ರತಿ ಕಳಿಸಿ, ಸ್ವೀಕೃತಿ ಪಡೆದುಕೊಳ್ಳಿ.